ಎದುರಾಳಿಯ ಮನೆಯ ಚುನಾವಣೆ

ನಮಗೆ ಆಗದವರ ಮನೆಯಲ್ಲಿ ಯಜಮಾನಿಕೆ ಬದಲಾಯಿತೆಂದು ಕೇಳಿದೊಡನೆ ನಾವು ಮೊದಲು ವಿಚಾರಿಸುವುದು ಹೊಸ ಯಜಮಾನನ ಸ್ವಭಾವವನ್ನು. ಬೀಗದ ಕೈಗೊಂಚಲು ಯಾರ ಸೊಂಟದಲ್ಲಿದೆಯೆಂದು ವಿಚಾರಿಸುವವರು ವಿರಳ. ರಾಷ್ಟ್ರಗಳ ವ್ಯವಹಾರವೂ ಹೀಗೆಯೇ. ಎದುರಾಳಿ ರಾಷ್ಟ್ರದಲ್ಲಿ ಸೌಮ್ಯನಾದ ಅಧ್ಯಕ್ಷನೊಬ್ಬನು ಆಯ್ಕೆಯಾದರೆ ನಮ್ಮ ನೀತಿಯೂ ಸೌಮ್ಯವಾಗಬೇಕೆ ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಆಗ ನಾನು ಅವರ ಮುಂದಿಡುವ ನಿದರ್ಶನ ೧೯೯೭ರ ಇರಾನಿನ ಚುನಾವಣೆ.

ದಿವಾನ, ದರ್ಬಾರು, ದಫ್ತರಗಳೆಂಬ ಮಾತುಗಳು ಪಾರಸಿಯ ಮೂಲಕ ನಮ್ಮ ನುಡಿಗೆ ಬಂದವು. ಆ ಪಾರಸಿಕರ ದೇಶಕ್ಕೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೂ ೧೯೮೦ರಿಂದ ರಾಯಭಾರ ಸಂಬಂಧವೇ ಇರಲಿಲ್ಲ. ೧೯೭೯ರ ನವೆಂಬರಿನಲ್ಲಿ ಟೆಹ್ರಾನಿನ ವಿದ್ಯಾರ್ಥಿಗಳು ಅಮೆರಿಕನ್ ರಾಯಭಾರ ಕಚೇರಿಯನ್ನು ಹಿಡಿದು, ೫೨ ಮಂದಿಯನ್ನು ೪೪೪ ದಿನ ಸೆರೆಯಲ್ಲಿಟ್ಟುದನ್ನು ಅಮೆರಿಕನ್ನರು ಮರೆತಿರಲಿಲ್ಲ. ೧೯೫೩ರಲ್ಲಿ ತಮ್ಮ ಪ್ರಧಾನಿ ಮೊಸಾದೆಗ್ ಅವರನ್ನು ಪದಚ್ಯುತಗೊಳಿಸಿದ ಒಳಸಂಚಿನಲ್ಲಿ ಅಮೆರಿಕಾದ ಕೈವಾಡವಿದ್ದುದನ್ನು ಇರಾನಿಯರೂ ಮರೆತಿರಲಿಲ್ಲ.

ಹೀಗಿರಲು ೧೯೯೭ರ ಮೇ ತಿಂಗಳಿನಲ್ಲಿ ಮಹಮ್ಮದ್ ಖಾತಮಿಯವರು ಸುಮಾರು ಎರಡು ಕೋಟಿ ಮತಗಳನ್ನು, ಎಂದರೆ ನೂರಕ್ಕೆ ಎಪ್ಪತ್ತರಷ್ಟನ್ನು, ಪಡೆದು ಅಧ್ಯಕ್ಷರಾದರು. ಅಧಿಕಾರಸ್ಥರ ಒಲವಿದ್ದುದು ಅವರ ಪ್ರತಿಸ್ಪರ್ಧಿಯ ಕಡೆಗೆ. ಯುವಕರೂ ಸ್ತ್ರೀಯರೂ ಆ ಎಣಿಕೆಯನ್ನು ತಲೆಕೆಳಗು ಮಾಡಿದರು. ೧೯೯೮ರ ಜನವರಿಯಲ್ಲಿ ಖಾತಮಿಯವರು ಅಮೆರಿಕನ್ ದೂರದರ್ಶನದ ಮೂಲಕ ಅಲ್ಲಿನ ಜನರೊಡನೆ ಮಾತನಾಡಿದರು. ಮರುತಿಂಗಳೇ ಅಮೆರಿಕಾದ ಕುಸ್ತಿಯಾಳುಗಳು ಟೆಹ್ರಾನಿನ ಕಣಕ್ಕಿಳಿದರು. ಜೂನಿನಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಉಭಯ ದೇಶಗಳಿಗೂ ಕಾಲ್ಚೆಂಡಿನ ಪಂದ್ಯವಾದಾಗ ಇರಾನಿನ ಆಟಗಾರರು ಎದುರಾಳಿಗಳಿಗೆ ಬಿಳಿಯ ಹೂಗಳನ್ನಿತ್ತರು. ಅನಂತರ ೨–೧ರಿಂದ ಪಂದ್ಯವನ್ನೂ ಗೆದ್ದುಕೊಂಡರೆಂಬುದು ಬೇರೆ ಮಾತು.

ಆದರೆ ಕೈಗೊಂಚಲು? ಇರಾನಿನ ರಾಜ್ಯಾಂಗದ ಪ್ರಕಾರ ಸೈನ್ಯದ ಅಧಿಪತ್ಯ, ಯುದ್ಧಶಾಂತಿಗಳ ಘೋಷಣೆ, ನ್ಯಾಯಾಂಗದ ಮುಖ್ಯಸ್ಥನ ನೇಮಕ, ಇವೆಲ್ಲ ಪರಮೋಚ್ಚ ನಾಯಕನ ವಶ. ಆಗ ಆ ಸ್ಥಾನದಲ್ಲಿದ್ದವರು ಅಲಿ ಖಾಮೆನೆಯಿ. ಅಧ್ಯಕ್ಷರಿಗಿದ್ದ ಬಲ ಮುಖ್ಯವಾಗಿ ಜನರ ವಿಶ್ವಾಸವೊಂದೇ. ಇಂಥವರಿಗೆ ಹೊರಗಿನವರು ಮಾಡಬಹುದಾದ ಉಪಕಾರವೆಂದರೆ, ತಮ್ಮವರ ಮುಂದೆ ಅವರು ತೋರಿಸಿಕೊಳ್ಳಬಹುದಾದ ಲಾಭವೊಂದನ್ನು ಬೇಗನೆ, ಸದ್ದಿಲ್ಲದೆ ಒದಗಿಸುವುದು. ಹಗೆಯವರ ಬಾಯಿಂದ ಬಂದ ಹೊಗಳಿಕೆ ಮನೆಯೊಳಗೆ ದೂರಾಗಿ ಪರಿಣಮಿಸುತ್ತದೆ.

ಅಮೆರಿಕಾ ಮಾಡಿದುದೇನು? ೧೯೯೫ರ ವ್ಯಾಪಾರ ನಿಷೇಧವನ್ನು ವಿದೇಶಾಂಗ ಸಚಿವೆ ಮೆಡಲೀನ್ ಆಲ್‌ಬ್ರೈಟ್ ಅವರು ಸಡಿಲಿಸಹೊರಟುದು ೨೦೦೦ದ ಮಾರ್ಚ್ ೧೭ರಂದು, ಚುನಾವಣೆಯಾಗಿ ಮೂರು ವರ್ಷ ತುಂಬುತ್ತ ಬಂದಾಗ. ರತ್ನಗಂಬಳಿ, ಪಿಸ್ತಾ, ಒಣಹಣ್ಣು, ಕ್ಯಾವಿಯರ್ ಎಂಬ ಮೀನಿನ ತತ್ತಿ, ಇವುಗಳ ಆಮದಿಗೆ ಒಪ್ಪಿಗೆ ದೊರೆಯಿತು, ಎಣ್ಣೆಗೆ ದೊರೆಯಲಿಲ್ಲ. ೧೯೫೩ರ ಸಂಚಿನಲ್ಲಿ ತಮ್ಮ ದೇಶದ ಪಾತ್ರವಿದ್ದುದನ್ನೂ ಅವರು ಆ ಭಾಷಣದಲ್ಲಿ ಒಪ್ಪಿಕೊಂಡರು. ಇದು ಸಣ್ಣ ಮಾತಲ್ಲ. ಆದರೆ ಅದರೊಡನೆಯೇ, ಇರಾನಿನ ಸೈನ್ಯ ನ್ಯಾಯಾಲಯಗಳ ಹತೋಟಿ ಜನರು ಆರಿಸದವರ ಕೈಯಲ್ಲಿದೆಯೆಂದೂ ಸೇರಿಸಿದರು. ಮಾತು ಸುಳ್ಳಲ್ಲ. ಆದರೂ ಯಾರಿಂದ ಬಾಗಿಲು ತೆರೆಸಬೇಕಾಗಿದೆಯೋ ಅವರ ಹಕ್ಕನ್ನೇ ಬೀದಿಯಲ್ಲಿ ನಿಂತು ಪ್ರಶ್ನಿಸುವುದುಂಟೆ? ಕೆಲವೇ ದಿನಗಳಲ್ಲಿ ಖಾಮೆನೆಯಿಯವರು ಆ ಭಾಷಣವನ್ನು ಬಹಿರಂಗವಾಗಿ ತಿರಸ್ಕರಿಸಿದರು.

ತಪ್ಪನ್ನೆಲ್ಲ ವಾಷಿಂಗ್ಟನ್ನಿನ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಖಾತಮಿಯವರು ಬಯಸಿದುದು ಜನಜನರ ಸಂವಾದವನ್ನು. ಸರ್ಕಾರಗಳ ನೇರ ಮಾತುಕತೆಗೆ ಅವರೂ ಮುಂದೆ ಬರಲಿಲ್ಲ. ೧೯೯೯ರ ಜುಲೈಯಲ್ಲಿ ಟೆಹ್ರಾನಿನ ವಿದ್ಯಾರ್ಥಿಗಳ ಮೇಲೆ ಪೆಟ್ಟು ಬಿದ್ದಾಗ ಅವರ ಅಧಿಕಾರದ ಮಿತಿ ಲೋಕಕ್ಕೇ ಕಂಡಿತು. ಇಂಥವರನ್ನು ನಂಬಿ ನೀತಿಯನ್ನು ಬದಲಿಸುವುದೆಂತೆಂಬ ಶಂಕೆಯಲ್ಲಿ ಹುರುಳುಂಟು. ಆದರೆ ಗಂಬಳಿ ಪಿಸ್ತಾಗಳ ರಿಯಾಯಿತಿಗೆ ಅಷ್ಟು ನಂಬಿಕೆಯೂ ಬೇಕಾಗಿರಲಿಲ್ಲ. ೧೯೯೮ರಲ್ಲಿಯೇ ಅದನ್ನು ಕೊಟ್ಟಿದ್ದರೆ ಅಮೆರಿಕಾಕ್ಕೆ ಆಗುತ್ತಿದ್ದ ನಷ್ಟವಾದರೂ ಏನು?

೨೦೦೧ರಲ್ಲಿ ಖಾತಮಿಯವರು ಪುನಃ ಭಾರಿ ಬಹುಮತದಿಂದ ಆಯ್ಕೆಯಾದರು. ೨೦೦೨ರ ಜನವರಿ ೨೯ರಂದು ಅಧ್ಯಕ್ಷ ಜಾರ್ಜ್ ಬುಷ್ ಅವರು ಇರಾಕ್, ಉತ್ತರ ಕೊರಿಯಾಗಳೊಡನೆ ಇರಾನನ್ನೂ ದುಷ್ಟಕೂಟದಲ್ಲಿ ಸೇರಿಸಿದರು. ೨೦೦೫ರಲ್ಲಿ ಮಹಮೂದ್ ಅಹಮದಿನೆಜಾದ್ ಅಧ್ಯಕ್ಷರಾದರು. ಸಂವಾದದ ಮಾತನಾಡಿದ ಪಕ್ಷದವರಿಗೆ ಆ ಚುನಾವಣೆಯಲ್ಲಿ ಅಮೆರಿಕಾದಿಂದ ಪಡೆದುದೆಂದು ಜನರ ಮುಂದೆ ಹೇಳಿಕೊಳ್ಳಲು ಗಂಬಳಿ ಪಿಸ್ತಾಗಳ ಹೊರತು ಹೆಚ್ಚಿನದೇನೂ ಇರಲಿಲ್ಲ.