ಕೊನೇ ಸೆಕೆಂಡಿಗೆ ಬಟನ್ ಒತ್ತೋರು ಯಾರು?

ಒಂದು ಆಟ ಹೇಳ್ತೀನಿ, ಕೇಳ್ತಾ ಕೇಳ್ತಾ ನೀವೂ ಮನಸ್ಸಿನಲ್ಲೇ ಆಡಿ.

ನೀವು, ಜೊತೆಗೆ ಇನ್ನಿಬ್ಬರು. ಮೂವರೂ ಬೇರೆ ಬೇರೆ ಕಂಪ್ಯೂಟರ್ ಮುಂದೆ ಕೂತಿದ್ದೀರಿ. ಪರದೆ ಮೇಲೆ ಒಂದೇ ಒಂದು ಬಟನ್. ಸಮಯ ಎರಡು ನಿಮಿಷ. ಯಾರೂ ಒತ್ತದಿದ್ದರೆ ಮೂವರಿಗೂ ತಲಾ ಒಂದು ಡಾಲರ್. ಯಾರಾದರೂ ಒಬ್ಬರು ಒತ್ತಿದರೆ, ಒತ್ತಿದ ಪುಣ್ಯಾತ್ಮರಿಗೆ ಒಂದೂಕಾಲು ಡಾಲರ್, ಕೈಕಟ್ಟಿ ಕೂತ ಇಬ್ಬರಿಗೆ ಎರಡೆರಡು ಡಾಲರ್. ಮಾತಾಡೋ ಹಾಗಿಲ್ಲ.

ಒತ್ತಿದರೆ ನಷ್ಟವೇನಿಲ್ಲ, ಕಾಲು ಡಾಲರ್ ಲಾಭವೇ. ಆದರೆ ಪಕ್ಕದವರು ಒತ್ತಿದರೆ ಇನ್ನೂ ಲಾಭ. ಹಾಗಾಗಿ ಏನಾಗುತ್ತೆ? ಎಲ್ಲರೂ ಗಡಿಯಾರ ನೋಡ್ತಾ ಕೂತಿರ್ತಾರೆ. ಒಂದು ನಿಮಿಷ ಆಯ್ತು, ಒಂದೂವರೆ ಆಯ್ತು. ಇನ್ನೇನು ಮುಗೀತು ಅನ್ನೋ ಕೊನೇ ಸೆಕೆಂಡುಗಳಲ್ಲಿ ಯಾರೋ ಒಬ್ಬರು ತಡೆಯಲಾರದೆ ಒತ್ತಿಬಿಡ್ತಾರೆ. ಇದನ್ನ ನೀವು ಆಫೀಸಲ್ಲಿ ಎಷ್ಟು ಸಲ ನೋಡಿಲ್ಲ! "ಇವತ್ತು ಮಿನಿಟ್ಸ್ ಯಾರು ಬರೀತೀರಿ?" ಅಂದ ತಕ್ಷಣ ಮೀಟಿಂಗಲ್ಲಿ ಅರ್ಧ ಜನಕ್ಕೆ ಮೊಬೈಲಲ್ಲಿ ಏನೋ ತುರ್ತು ಕೆಲಸ ನೆನಪಾಗುತ್ತೆ.

ಈ ಆಟ ಕಟ್ಟಿದವರು ಅಮೆರಿಕದ ನಾಲ್ವರು ಸಂಶೋಧಕಿಯರು: ಲಿಂಡಾ ಬ್ಯಾಬ್‌ಕಾಕ್, ಮರಿಯಾ ರೆಕಾಲ್ಡೆ, ಲೀಸೆ ವೆಸ್ಟರ್‌ಲುಂಡ್, ಲಾರಿ ವೈನ್‌ಗಾರ್ಟ್. ಪ್ರಬಂಧ ಬಂದದ್ದು 2017ರಲ್ಲಿ, 'ಅಮೆರಿಕನ್ ಎಕನಾಮಿಕ್ ರಿವ್ಯೂ'ನಲ್ಲಿ. ಇವರಲ್ಲಿ ವೆಸ್ಟರ್‌ಲುಂಡ್ ಅವರ ಹೆಸರು ನೆನಪಿಟ್ಕೊಳ್ಳಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ. ಜನ ದಾನ ಯಾಕೆ ಕೊಡ್ತಾರೆ ಅನ್ನೋದೂ ಅವರ ವಿಷಯವೇ.

ಸ್ವಲ್ಪ ಆ ಕಡೆ ಹೋಗಿ ಬರೋಣ. ದಾನ ಅಂದ್ರೆ ಮನಸ್ಸಿನ ಮಾತು, ಕೊಡುಗೈ ಇದ್ದವರು ಕೊಡ್ತಾರೆ, ಜಿಪುಣರು ಕೊಡಲ್ಲ ಅಂತ ನಾವು ಅಂದ್ಕೊಂಡಿರ್ತೀವಿ. 2001ರಲ್ಲಿ ಜೇಮ್ಸ್ ಆಂಡ್ರಿಯೋನಿ ಜೊತೆ ವೆಸ್ಟರ್‌ಲುಂಡ್ ಮಾಡಿದ ಪ್ರಯೋಗದಲ್ಲಿ, ಹೆಂಗಸರು ಹೆಚ್ಚು ಉದಾರಿಗಳಾ ಗಂಡಸರಾ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಸಿಗಲೇ ಇಲ್ಲ. ಕೊಡೋದು ತಮಗೆ ದುಬಾರಿ ಬೀಳೋವಾಗ ಹೆಂಗಸರು ಹೆಚ್ಚು ಕೊಟ್ರು. ಅಗ್ಗಕ್ಕೆ ಆಗೋವಾಗ ಗಂಡಸರ ಕೈ ಮುಂದಾಯ್ತು.

ಅದೇ ಆಂಡ್ರಿಯೋನಿ ಆಮೇಲೆ ಬೇರೆ ಜೊತೆಗಾರರೊಂದಿಗೆ ಮಾಡಿದ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಕ್ರಿಸ್ಮಸ್ ಸಮಯ, ಬಾಸ್ಟನ್ ಹತ್ತಿರದ ಒಂದು ಸೂಪರ್‌ಮಾರ್ಕೆಟ್. ಸಾಲ್ವೇಶನ್ ಆರ್ಮಿಯವರು ಗಂಟೆ ಬಾರಿಸ್ತಾ ಡಬ್ಬಿ ಇಟ್ಕೊಂಡು ಬಾಗಿಲಲ್ಲಿ ನಿಲ್ತಾರೆ. ಅಂಗಡಿಗೆ ಎರಡು ಬಾಗಿಲು. ಒಮ್ಮೆ ಸುಮ್ಮನೆ ಗಂಟೆ, ಇನ್ನೊಮ್ಮೆ ಗಂಟೆ ಜೊತೆಗೆ "ದಯವಿಟ್ಟು ಕೊಡಿ" ಅನ್ನೋ ಮಾತು. ಬಾಯಿಬಿಟ್ಟು ಕೇಳಿದಾಗ ಡಬ್ಬಿಗೆ ಬೀಳೋ ದುಡ್ಡು ಚೆನ್ನಾಗೇ ಏರಿತು. ಆದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಜನ ಆ ಬಾಗಿಲನ್ನೇ ಬಿಟ್ಟು ಇನ್ನೊಂದು ಬಾಗಿಲು ಹಿಡಿದ್ರು! ಗಣೇಶನ ಚಂದಾಕ್ಕೆ ಹುಡುಗರು ಬಂದಾಗ ಟಿವಿ ಸದ್ದು ಕಡಿಮೆ ಮಾಡಿ ಕೂತವರಿಗೆ ಇದು ಅರ್ಥ ಆಗುತ್ತೆ. ನಾನೂ ಕೂತಿದ್ದೀನಿ, ಸುಳ್ಳು ಯಾಕೆ ಹೇಳಲಿ.

ಅಂದ್ರೆ ಕೊಡೋದು ಕೊಡದೇ ಇರೋದು ಬರೀ ಮನಸ್ಸಿನ ಮಾತಲ್ಲ. ಯಾರು ಕೇಳ್ತಾರೆ, ಎದುರಿಗೆ ನಿಂತು ಕೇಳ್ತಾರಾ, ತಪ್ಪಿಸ್ಕೊಳ್ಳೋಕೆ ಇನ್ನೊಂದು ಬಾಗಿಲು ಇದೆಯಾ? ಈಗ ಬಟನ್ ಆಟಕ್ಕೆ ವಾಪಸ್ ಬನ್ನಿ.

ಗಂಡಸರು ಹೆಂಗಸರು ಬೆರೆತ ಕೋಣೆಯಲ್ಲಿ ಹೆಂಗಸರು ಗಂಡಸರಿಗಿಂತ ಶೇಕಡಾ 48ರಷ್ಟು ಹೆಚ್ಚು ಸಲ ಬಟನ್ ಒತ್ತಿದ್ರು. "ನೋಡಿದ್ರಾ, ಹೆಂಗರುಳು" ಅಂತ ಇಲ್ಲಿಗೇ ಪುಸ್ತಕ ಮುಚ್ಚೋರು ಇದ್ದಾರೆ. ಸಂಶೋಧಕಿಯರು ಮುಚ್ಚಲಿಲ್ಲ. ಬರೀ ಗಂಡಸರನ್ನ ಒಂದು ಕೋಣೆಯಲ್ಲಿ, ಬರೀ ಹೆಂಗಸರನ್ನ ಇನ್ನೊಂದರಲ್ಲಿ ಕೂರಿಸಿ ಅದೇ ಆಟ ಆಡಿಸಿದ್ರು. ವ್ಯತ್ಯಾಸ ಮಾಯ! ಗಂಡಸರು ಮಾತ್ರ ಇದ್ದಾಗ ಗಂಡಸರೂ ಹೆಂಗಸರಷ್ಟೇ ಒತ್ತಿದ್ರು. ಅಂದ್ರೆ ಅವರಿಗೆ ಬೆರಳಿತ್ತು, ಮನಸ್ಸೂ ಇತ್ತು. ಬೆರೆತ ಕೋಣೆಯಲ್ಲಿ ಮಾತ್ರ "ಅವಳು ಒತ್ತುತ್ತಾಳೆ ಬಿಡು" ಅನ್ನೋ ಲೆಕ್ಕ. ಅವಳಿಗೂ ಗೊತ್ತು, ತಾನು ಒತ್ತದಿದ್ದರೆ ಈ ಮಹಾಶಯರು ಒತ್ತಲ್ಲ ಅಂತ.

ಆಮೇಲೆ ನಾಲ್ಕನೆಯವರನ್ನ ಸೇರಿಸಿದ್ರು, ಒಂಥರಾ ಮ್ಯಾನೇಜರ್. ಮೂವರ ಫೋಟೊ ನೋಡಿ ಒಬ್ಬರನ್ನ "ನೀವು ಒತ್ತಿ" ಅಂತ ಕೇಳೋದು ಇವರ ಕೆಲಸ. ಹೆಂಗಸರಿಗೆ ಶೇಕಡಾ 44ರಷ್ಟು ಹೆಚ್ಚು ಕೇಳಿಕೆ ಬಂತು. ಕೇಳಿದವರು ಗಂಡಸರೋ ಹೆಂಗಸರೋ, ಇಬ್ಬರೂ ಹುಡುಕಿದ್ದು ಹೆಣ್ಣಿನ ಮುಖವನ್ನೇ. ಕೇಳಿದಾಗ ಹೂಂ ಅಂದೋರು? ಗಂಡಸರಲ್ಲಿ ಶೇಕಡಾ 51, ಹೆಂಗಸರಲ್ಲಿ 76.

ಕಾಲು ಡಾಲರ್ ಆಟ ತಾನೇ ಅಂತೀರಾ? ಅಮೆರಿಕದ ಒಂದು ಕನ್ಸಲ್ಟಿಂಗ್ ಸಂಸ್ಥೆಯ ಕೆಲಸದ ಗಂಟೆಗಳನ್ನ ಈ ಸಂಶೋಧಕಿಯರು ಲೆಕ್ಕ ಹಾಕಿದ್ರು. ಬಡ್ತಿ ಲೆಕ್ಕಕ್ಕೆ ಬಾರದ ಕೆಲಸಕ್ಕೆ, ಅಂದ್ರೆ ಹೊಸಬರಿಗೆ ದಾರಿ ತೋರಿಸೋದು, ಕಮಿಟಿ, ಸಮಾರಂಭ ಇಂಥದಕ್ಕೆಲ್ಲ, ಹೆಂಗಸರ ವರ್ಷದಲ್ಲಿ ಸುಮಾರು 200 ಗಂಟೆ ಹೆಚ್ಚು ಹೋಗ್ತಿತ್ತು. ಇನ್ನೂರು ಗಂಟೆ ಅಂದ್ರೆ ಒಂದು ತಿಂಗಳ ಕೆಲಸಕ್ಕಿಂತ ಜಾಸ್ತಿ. ಈ ಕಥೆಯನ್ನ ಅವರಲ್ಲಿ ಮೂವರು, ಬ್ರೆಂಡಾ ಪೈಸರ್ ಜೊತೆ ಸೇರಿ, 2022ರಲ್ಲಿ 'ದಿ ನೋ ಕ್ಲಬ್' ಅನ್ನೋ ಪುಸ್ತಕ ಮಾಡಿದ್ರು.

ಇಲ್ಲಿ ನನ್ನದೊಂದು ತಕರಾರು. ಇದೇ ವೆಸ್ಟರ್‌ಲುಂಡ್, ಮ್ಯೂರಿಯಲ್ ನೀಡರ್ಲೆ ಜೊತೆ 2007ರಲ್ಲಿ ಇನ್ನೊಂದು ಹೆಸರುವಾಸಿ ಪ್ರಬಂಧ ಬರೆದಿದ್ರು. ಕೂಡೋ ಲೆಕ್ಕ ಮಾಡೋದರಲ್ಲಿ ಇಬ್ಬರೂ ಸಮಾನರಾದರೂ, ಗೆದ್ದವರಿಗಷ್ಟೇ ದುಡ್ಡು ಸಿಗೋ ಪೈಪೋಟಿಯನ್ನ ಆರಿಸ್ಕೊಂಡವರು ಗಂಡಸರಲ್ಲಿ ಶೇಕಡಾ 73, ಹೆಂಗಸರಲ್ಲಿ 35. ಅದರ ಶೀರ್ಷಿಕೆಯಲ್ಲಿ ಎರಡು ಪ್ರಶ್ನೆ ಇದ್ವು: ಹೆಂಗಸರು ಪೈಪೋಟಿಗೆ ಹಿಂಜರೀತಾರಾ? ಗಂಡಸರು ಅತಿಯಾಗಿ ಪೈಪೋಟಿಗೆ ಇಳೀತಾರಾ? ಜನ ಮೊದಲನೆಯದನ್ನ ಬಾಯಿಪಾಠ ಮಾಡಿ ಎರಡನೆಯದನ್ನ ಮರೆತುಬಿಟ್ರು. "ಧೈರ್ಯ ಮಾಡಮ್ಮ, ಇಲ್ಲ ಅನ್ನೋದು ಕಲಿ" ಅಂತ ಹೆಂಗಸರಿಗೇ ಟ್ರೈನಿಂಗ್ ಇಡೋ ಕಂಪನಿಗಳು ಆ ಮರೆವಿನ ಮಕ್ಕಳು. ಅವಳು ಇಲ್ಲ ಅಂದ್ರೆ ಮ್ಯಾನೇಜರ್ ಪಕ್ಕದ ಇನ್ನೊಬ್ಬಳ ಮುಖ ನೋಡ್ತಾನೆ, ಅಷ್ಟೇ.

ಪುಸ್ತಕದವರು ಕೊಡೋ ಸಲಹೆಗಳಲ್ಲಿ ಒಂದು ಸರಳವಾದ್ದು: "ಯಾರು ಮುಂದೆ ಬರ್ತೀರಿ" ಅಂತ ಕೇಳಲೇಬೇಡಿ, ಸರದಿ ಹಾಕಿ, ಇಲ್ಲಾ ಚೀಟಿ ಎತ್ತಿ. ನಾನು ಹಿಂದೆ ಇದ್ದ ಒಂದು ಆಫೀಸಲ್ಲಿ ರಾಜ್ಯೋತ್ಸವದ ಏರ್ಪಾಡು ವರ್ಷವೂ ಒಬ್ಬರೇ ಮೇಡಂ ತಲೆಗೆ ಬೀಳ್ತಿತ್ತು. ಅವರಿಗೆ ವರ್ಗ ಆದ ವರ್ಷ, ಬೇರೆ ದಾರಿ ಇಲ್ಲದೆ, ಟಿಫನ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದ್ವಿ. ಬಂದದ್ದು ನನ್ನ ಹೆಸರು. ಶಾಮಿಯಾನದವನ ನಂಬರು, ಧ್ವಜದ ಹಗ್ಗ ಇಡೋ ಬೀರು, ಮೈಕಿನವನ ಅಡ್ವಾನ್ಸು, ಒಂದೂ ನನಗೆ ಗೊತ್ತಿರಲಿಲ್ಲ. ಆರು ವರ್ಷ ಅದೇ ಶಾಮಿಯಾನದ ಕೆಳಗೆ ಕೂತು ಉಪ್ಪಿಟ್ಟು ಕೇಸರಿಬಾತು ತಿಂದಿದ್ದೆ. ಕೊನೆಗೆ ಮೇಡಂಗೇ ಫೋನ್ ಮಾಡಿದೆ. ಪಾಪ, ಎಲ್ಲಾ ಹೇಳಿಕೊಟ್ಟರು, ಮುಕ್ಕಾಲು ಗಂಟೆ.