ಊಲಾಂಗ್ ಚಹ: ಕಾಸುವ ಬಗೆ, ಸವಿಯುವ ಬಗೆ

(ರಾಜ್ಯೋತ್ಸವದ ನಿಮಿತ್ತ ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿಕಳಿಸಿದಾಗ ವಿಷಯ ಯಾವುದೆಂದು ಕೇಳಿದೆವು. “ನಿಮಗೆ ತಿಳಿದದ್ದು ಯಾವುದಾದರೂ ಸರಿ” ಎಂದರು. ನಮಗೆ ತಿಳಿದದ್ದು ಬ್ಯಾಂಕಿನ ಲೆಕ್ಕ. ರಜೆಯ ದಿನ ಅದನ್ನು ಕೇಳಲು ಯಾರೂ ಬರಲಾರರು. ಅದು ಬಿಟ್ಟರೆ, ಕಳೆದ ನಾಲ್ಕು ವರ್ಷಗಳಿಂದ ಪ್ರತಿ ರವಿವಾರ ಮುಂಜಾನೆ ಪುಣೆಯ ನಮ್ಮ ಮನೆಯಲ್ಲಿ ನಡೆದುಬಂದ ಊಲಾಂಗ್ ಚಹದ ಕೂಟವೊಂದಿದೆ. ಅದರ ವಿಚಾರವಾಗಿಯೇ ನಾಲ್ಕು ಮಾತು ಹೇಳುತ್ತೇವೆ. ನಮ್ಮ ಸಂಘದಲ್ಲಿ ಮೈಸೂರು, ಹಾಸನದ ಕಡೆಯವರು ಕಾಫಿಯ ಪಕ್ಷ. ಧಾರವಾಡ, ಬೆಳಗಾವಿಯ ಕಡೆಯವರು ಚಹದ ಪಕ್ಷ. ಇಂದಿನ ಮಾತು ಎರಡು ಪಕ್ಷಕ್ಕೂ ಒಗ್ಗುವುದು ಕಷ್ಟ. ಏಕೆಂದರೆ ಇದರಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ.

ಮೊದಲು ನಮ್ಮ ಅವಾಂತರವನ್ನೇ ಒಪ್ಪಿಕೊಳ್ಳುತ್ತೇವೆ. ತೈವಾನಿನಿಂದ ಮರಳಿದ ನೆಂಟರೊಬ್ಬರು ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ, ಕಡುಹಸಿರು ಬಣ್ಣದ ಉಂಡೆಗಳು. ನಾವು ರೂಢಿಯಂತೆ ಪಾತೇಲಿಯಲ್ಲಿ ನೀರು, ಹಾಲು, ಸಕ್ಕರೆ, ಒಂದು ತುಂಡು ಶುಂಠಿ ಸೇರಿಸಿ, ನಾಲ್ಕು ಚಮಚ ಉಂಡೆಗಳನ್ನು ಸುರಿದು ಕುದಿಸಿದೆವು. ಐದು ನಿಮಿಷದಲ್ಲಿ ಪಾತೇಲಿಯ ತುಂಬ ಸೊಪ್ಪು! ಒಂದೊಂದು ಉಂಡೆಯೂ ಬಿಚ್ಚಿಕೊಂಡು ದೇಟು ಸಹಿತ ಇಡೀ ಎಲೆಯಾಗಿ ನಿಂತಿತ್ತು. ಆಗ ನಮ್ಮಲ್ಲೇ ಇದ್ದ ಅವ್ವ ಇಣಿಕಿ ನೋಡಿ, “ತಮ್ಮಾ, ಇದು ಚಹಾ ಅಲ್ಲೋ, ತಪ್ಪಲ ಪಲ್ಯ. ಒಗ್ಗರಣಿ ಯಾವಾಗ ಹಾಕ್ತಿ?” ಎಂದಳು. ಕುಡಿದು ನೋಡಿದೆವು, ಪಲ್ಯವೇ ಮೇಲಾಗಿತ್ತು.

ಈ ಎಲೆಯ ಮರ್ಮವೇನೆಂದು ಅಂದಿನಿಂದ ವಿಚಾರಿಸತೊಡಗಿದೆವು. ಹಸಿರು ಚಹ, ಊಲಾಂಗ್, ನಮ್ಮ ಕರಿ ಚಹ ಇವು ಮೂರು ಗಿಡಗಳಲ್ಲ. ಒಂದೇ ಗಿಡ, ಶಾಸ್ತ್ರಜ್ಞರು ಅದಕ್ಕೆ ಕಮೀಲಿಯ ಸೈನೆನ್ಸಿಸ್ ಎನ್ನುತ್ತಾರೆ. ಭೇದವೆಲ್ಲ ಮುಖ್ಯವಾಗಿ ಎಲೆ ಕಿತ್ತ ಬಳಿಕ ಹುಟ್ಟುವುದು. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಂದಾಗುವುದನ್ನು ಇಲ್ಲಿರುವ ತಾಯಂದಿರು ಬಲ್ಲರು. ಕೊಯ್ದ ಕಡೆ ಗಾಳಿಯ ಆಮ್ಲಜನಕ ತಗಲಿ, ಕಾಯಿಯೊಳಗಿನ ಒಂದು ಕಿಣ್ವ ತನ್ನ ಕೆಲಸ ಆರಂಭಿಸುತ್ತದೆ. ಚಹದ ಎಲೆಯಲ್ಲಿ ನಡೆಯುವುದೂ ಅದೇ. ಹಸಿರು ಚಹಕ್ಕೆ ಎಲೆಯನ್ನು ಬೇಗನೆ ಬಿಸಿಮಾಡಿ ಆ ಕ್ರಿಯೆಯನ್ನು ತಡೆಯುತ್ತಾರೆ. ಕರಿ ಚಹಕ್ಕೆ ಅದನ್ನು ಪೂರ್ತಿ ನಡೆಯಗೊಡುತ್ತಾರೆ. ಊಲಾಂಗ್ ಇವೆರಡರ ನಡುವಿನದು.

ನಡುವೆ ನಿಲ್ಲಿಸುವುದೇ ಕಷ್ಟದ ಕೆಲಸ. ಎಲೆಯನ್ನು ಬಿಸಿಲಲ್ಲಿ ಬಾಡಿಸಿ, ಬಿದಿರಿನ ತಟ್ಟೆಗಳಲ್ಲಿ ಹಾಕಿ ಕುಲುಕಿ ಅಂಚುಗಳನ್ನಷ್ಟೇ ನೋಯಿಸುತ್ತಾರೆ. ತುಸು ಹೊತ್ತು ಬಿಟ್ಟು ಮತ್ತೆ ಕುಲುಕುತ್ತಾರೆ. ಹಲವೊಮ್ಮೆ ಈ ಕೆಲಸ ಇರುಳೆಲ್ಲ ನಡೆಯುತ್ತದೆ. ಬೇಕಾದ ಪರಿಮಳ ಮೂಗಿಗೆ ಬಂದ ಕ್ಷಣ ಎಲೆಯನ್ನು ಕಾದ ಬಾಣಲೆಗೆ ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ. ಬಳಿಕ ಸುರುಳಿ ಸುತ್ತುವುದು, ಒಣಗಿಸುವುದು. ಕೆಲವಕ್ಕೆ ಇದ್ದಿಲ ಕೆಂಡದ ಹದವಾದ ಕಾವು. ನೆನೆದ ಎಲೆಯನ್ನು ಬಿಡಿಸಿ ನೋಡಿದರೆ ಕೆಲವದರಲ್ಲಿ ನಡು ಹಸಿರಾಗಿದ್ದು, ಸುತ್ತಲೂ ಇಳಕಲ್ ಸೀರೆಯ ದಡಿಯಂತೆ ಕೆಂಪು ಅಂಚು ಕಾಣುತ್ತದೆ.

ಈ ವಿದ್ಯೆಯ ತವರು ಚೀನದ ಫೂಜಿಯನ್ ಪ್ರಾಂತ. ಅದರ ಉತ್ತರಕ್ಕೆ ವೂಯಿ ಎಂಬ ಬಂಡೆಗಳ ಬೆಟ್ಟಸಾಲು. ಅಲ್ಲಿಯ ಊಲಾಂಗಿಗೆ ‘ಬಂಡೆಯ ಚಹ’ ಎಂದೇ ಹೆಸರು. ಬಣ್ಣ ಕಪ್ಪು, ಎಲೆ ನೀಳವಾಗಿ ಹುರಿಗೊಂಡದ್ದು, ಕೆಂಡದ ಕಾವು ಹೆಚ್ಚು. ದಕ್ಷಿಣಕ್ಕೆ ಆನ್‌ಶಿ ಜಿಲ್ಲೆ. ಅಲ್ಲಿಯದು ತಿಯೆ ಗುವಾನ್ ಯಿನ್, ಅಂದರೆ ‘ಕಬ್ಬಿಣದ ಗುವಾನ್‌ಯಿನ್’. ಈ ಗುವಾನ್‌ಯಿನ್ ನಮಗೆ ಪರಕೀಯಳೆಂದು ತಿಳಿಯಬೇಡಿ. ಭಾರತದಿಂದ ಚೀನಕ್ಕೆ ಹೋದ ಬೌದ್ಧರ ಅವಲೋಕಿತೇಶ್ವರನೇ ಅಲ್ಲಿ ಕರುಣೆಯ ದೇವಿಯಾದನು. ಮಂಗಳೂರಿನ ಕದ್ರಿ ದೇವಾಲಯದಲ್ಲಿ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಂಡವರು ಈ ಚಹವನ್ನು ಕುಡಿಯುವಾಗ ಆ ನಂಟನ್ನು ನೆನೆಯಬಹುದು.

ಸಮುದ್ರ ದಾಟಿದರೆ ತೈವಾನ್. 1869ರಲ್ಲಿ ಜಾನ್ ಡಾಡ್ ಎಂಬ ವರ್ತಕನು ಅಲ್ಲಿಯ ಊಲಾಂಗನ್ನು ಹಡಗಿನಲ್ಲಿ ನೇರವಾಗಿ ನ್ಯೂಯಾರ್ಕಿಗೆ ಕಳಿಸಿದ ಮೇಲೆ ಆ ದ್ವೀಪದ ಚಹಕ್ಕೆ ಲೋಕಪ್ರಸಿದ್ಧಿ ಬಂತು. ಅಲ್ಲಿಯ ಒಂದು ಬಗೆಗೆ ‘ಪೂರ್ವದೇಶದ ಸುಂದರಿ’ ಎಂಬ ಹೆಸರುಂಟು. ಹಸಿರು ಜಿಗಿಹುಳು ಕಚ್ಚಿದ ಎಳೆಯ ಚಿಗುರುಗಳೇ ಅದಕ್ಕೆ ಬೇಕು. ಹುಳುವಿನ ಬಾಧೆಗೆ ಉತ್ತರವಾಗಿ ಗಿಡ ಹುಟ್ಟಿಸುವ ಗಂಧದ್ರವ್ಯಗಳಿಂದಲೇ ಆ ಚಹಕ್ಕೆ ಜೇನಿನ ಪರಿಮಳ. ಕೆಟ್ಟ ಬೆಳೆಯೆಂದು ಎಸೆಯಬೇಕಾದದ್ದು ಹೀಗೆ ಬೆಲೆಯುಳ್ಳದ್ದಾಯಿತು. ಇಷ್ಟು ದೂರ ಹೋಗಲಾರದವರಿಗೆ ನಮ್ಮ ಡಾರ್ಜಿಲಿಂಗ್, ನೀಲಗಿರಿಗಳ ಕೆಲವು ತೋಟಗಳೂ ಊಲಾಂಗ್ ಮಾಡುತ್ತವೆ. ಕಲಿಯುವವರು ಅಲ್ಲಿಂದಲೇ ತೊಡಗಬಹುದು.

ಇನ್ನು ಕಾಸುವ ಕ್ರಮ. ನಾವು ದಿನವೂ ಕುದಿಸುವ ಚಹದ ಪುಡಿ ಯಂತ್ರದಲ್ಲಿ ಹರಿದು ನುಚ್ಚಾಗಿ ಬಂದದ್ದು. ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ತೀರಿಸಿಬಿಡುತ್ತದೆ. ಊಲಾಂಗಿನದು ಇಡಿಯ ಎಲೆ. ಅದು ಕಂತುಗಳಲ್ಲಿ ಕೊಡುವ ಕುಳ. ಆದ್ದರಿಂದ ಚಿಕ್ಕ ಪಾತ್ರೆ, ಹೆಚ್ಚು ಎಲೆ, ಸ್ವಲ್ಪ ಹೊತ್ತು, ಹಲವು ಸಲ ಎಂಬುದು ಚೀನೀಯರ ನಿಯಮ. ಅವರು ಮುಚ್ಚಳವಿರುವ ಪಿಂಗಾಣಿ ಬಟ್ಟಲನ್ನು ಬಳಸುತ್ತಾರೆ. ನಮ್ಮಲ್ಲಿ ಬಸಿಯನ್ನು ಬೋರಲು ಮುಚ್ಚಿದ ಪಿಂಗಾಣಿ ಕಪ್ಪು, ಒಂದು ಸೋಸಣಿಗೆ, ಬಸಿದುಕೊಳ್ಳಲು ಒಂದು ಸ್ಟೀಲಿನ ಲೋಟ ಇಷ್ಟೇ ಸಾಮಗ್ರಿ.

ನೂರು ಮಿಲಿಲೀಟರು ನೀರಿಗೆ 5 ಗ್ರಾಂ ಎಲೆ. ಉಂಡೆಯ ಚಹವಾದರೆ ಸುಮಾರು ಎರಡು ಸಣ್ಣ ಚಮಚ; ನೀಳ ಎಲೆಯದು ಹಗುರ, ಅದನ್ನು ತೂಗುವುದೇ ಲೇಸು. ಕುದಿದ ನೀರನ್ನೇ ಹಾಕಬಹುದು. ಸಮುದ್ರಮಟ್ಟದ ಮುಂಬಯಿಯಲ್ಲಿ ನೀರು 100 ಡಿಗ್ರಿಗೆ ಕುದಿದರೆ ಪುಣೆಯಲ್ಲಿ ಸುಮಾರು 98ಕ್ಕೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಊಲಾಂಗಿಗೆ ಯಾವುದೂ ಸಾಕು. ಗಡಸು ನೀರು ಮಾತ್ರ ಆಗದು. ಚಹದ ಮೇಲೆ ಪೊರೆ ಕಟ್ಟಿ ಪರಿಮಳ ಮಂಕಾಗುತ್ತದೆ. ಮೊದಲು ಕಪ್ಪನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಎಲೆ ಹಾಕಿ ಮುಚ್ಚಿ, ಒಮ್ಮೆ ಕುಲುಕಿ ಮೂಸಿರಿ. ಅರ್ಧ ಸಂತೋಷ ಅಲ್ಲಿಯೇ ಇದೆ. ಮೊದಲ ನೀರನ್ನು ನಾಲ್ಕೈದು ಸೆಕೆಂಡಿನಲ್ಲಿ ಚೆಲ್ಲಿಬಿಡುವುದುಂಟು, ಎಲೆ ಸಡಿಲಾಗಲೆಂದು. ಆಮೇಲೆ 20 ಸೆಕೆಂಡು, ಮುಂದೆ 20, 30, 45, 60, 90 ಹೀಗೆ ಏರಿಸುತ್ತ ಹೋಗಬೇಕು. ಪ್ರತಿ ಸಲವೂ ಕೊನೆಯ ಹನಿಯವರೆಗೆ ಬಸಿಯಬೇಕು. ನೀರು ಉಳಿದರೆ ಮುಂದಿನ ಬಟ್ಟಲು ಒಗರಾಗುತ್ತದೆ. ಬೆಲೆ ಹೆಚ್ಚೆಂದು ಅಂಜುವವರಿಗೆ ನಮ್ಮ ಲೆಕ್ಕ ಇಷ್ಟು: 50 ಗ್ರಾಮಿನ ಪೊಟ್ಟಣದಿಂದ ಹತ್ತು ಕೂಟ, ಕೂಟಕ್ಕೆ ಆರು ಸಲದಂತೆ ಒಟ್ಟು ಅರವತ್ತು ಸಲ, ಅಂದರೆ ಆರು ಲೀಟರು ಚಹ. ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿಡಿ. ನಾವು ಒಮ್ಮೆ ಮಸಾಲೆಯ ಕಪಾಟಿನಲ್ಲಿ ಬಾಯಿತೆರೆದ ಪೊಟ್ಟಣ ಇಟ್ಟು, ವಾರದೊಳಗೆ ಇಂಗಿನ ಊಲಾಂಗ್ ಕುಡಿದೆವು. “ಅಂತೂ ಒಗ್ಗರಣಿ ಬಿತ್ತಲ್ಲಾ” ಎಂದಳು ಅವ್ವ.

ಸವಿಯುವುದು ಇದಕ್ಕಿಂತ ಕಷ್ಟ. ಗುಟುಕನ್ನು ಗಾಳಿಯೊಡನೆ ಸುರ್ರೆಂದು ಎಳೆದುಕೊಂಡರೆ ಪರಿಮಳ ಮೂಗಿನ ಹಿಂಬದಿಗೆ ಏರುತ್ತದೆ. ಮಕ್ಕಳಿಗೆ ಈ ಭಾಗ ಬಲು ಪ್ರಿಯ. ನುಂಗಿದ ಮೇಲೆ ತುಸು ಸುಮ್ಮನಿರಬೇಕು. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬಾಯಿ ಸಿಹಿಯಾಗುವುದಲ್ಲವೆ, ಅಂಥದೇ ಒಂದು ಸಿಹಿ ಗಂಟಲಿನಿಂದ ಮರಳಿ ಬರುತ್ತದೆ. ಚೀನೀಯರು ಇದಕ್ಕೆ ‘ಮರಳುವ ಸಿಹಿ’ ಎಂದೇ ಹೆಸರಿಟ್ಟಿದ್ದಾರೆ.

ನಾವು ಒಂದು ನೋಟುಪುಸ್ತಕ ಇಟ್ಟೆವು: ತಾರೀಖು, ಎಲೆಯ ತೂಕ, ಸೆಕೆಂಡು, ಕೊನೆಯಲ್ಲಿ ರುಚಿ. ಮೊದಲ ರವಿವಾರ ಹತ್ತು ವರ್ಷದ ನಮ್ಮ ಮಗಳು ಆ ಕಲಮಿನಲ್ಲಿ ಆರು ಸಲ ‘ನೈಸ್’ ಎಂದು ಬರೆದಳು. ನಾವೂ ಪೊಟ್ಟಣದ ಮೇಲಿನ ‘ಫ್ಲೋರಲ್’, ‘ಮಿನರಲ್’ ಎಂಬುದನ್ನು ನಕಲು ಮಾಡಿದೆವು. ಅವ್ವ ಬಟ್ಟಲು ಹಿಡಿದು ಸುಮ್ಮನೆ ಕುಳಿತಿದ್ದಳು. ಆಗ ನಮಗೆ ನಾಚಿಕೆಯಾಯಿತು. ಒಂದೇ ಎಲೆಯನ್ನು ಮನೆಮಂದಿಯೆಲ್ಲ ಕುಡಿಯುತ್ತಿದ್ದೇವೆ. ಅದರ ಬಗ್ಗೆ ಮಾತನಾಡಲು ಅಜ್ಜಿಗೂ ಮೊಮ್ಮಗಳಿಗೂ ಸಮಾನವಾದ ಒಂದು ಶಬ್ದವಿಲ್ಲ. ಅಂದು ನಿಯಮ ಮಾಡಿದೆವು: ಅಜ್ಜಿಗೆ ತಿಳಿಯುವ ಮಾತನ್ನೇ ಬರೆಯತಕ್ಕದ್ದು.

ಮುಂದಿನ ವಾರ ಮಗಳು ಮರಾಠಿಯಲ್ಲಿ ‘ತುರಟ’ ಎಂದಳು. “ಅದಕ್ಕ ಒಗರು ಅಂತಾರ ನಮ್ಮವ್ವ” ಎಂದಳು ಅಜ್ಜಿ. ಆಮೇಲೆ ಒಂದೊಂದಾಗಿ ಬಂದವು. ಕಾವು ಸಾಲದ ಹಸಿ ಎಲೆಗೆ ಎಳೆಯ ಬಾಳೆಕಾಯಿಯ ಕನರು. ಕಾವು ಮೀರಿದ್ದಕ್ಕೆ ಕಮರು. ಮಳೆಗಾಲದಲ್ಲಿ ತಂಪು ಹಿಡಿದದ್ದಕ್ಕೆ ಮುಗ್ಗಲು. ಹದವಾಗಿ ಹುರಿದ ತೈವಾನಿನ ಚಹಕ್ಕೆ ಆಗತಾನೆ ಹುರಿದ ಪುಠಾಣಿ. ಹುಳು ಕಚ್ಚಿದ ಸುಂದರಿಗೆ ಆಲೆಮನೆಯ ಗಾಳಿ. ನಾವೇ ಮರೆತಿದ್ದ ಮಾತುಗಳು, ಚಹದ ದೆಸೆಯಿಂದ ಮನೆಗೆ ಮರಳಿದವು.

ಕಳೆದ ದೀಪಾವಳಿಗೆ ಅವ್ವ ಅಣ್ಣನ ಸಂಗಡ ಊರಿಗೆ ಹೋದಳು. ಕೂಟ ನಿಲ್ಲಲಿಲ್ಲ. ಮೊನ್ನೆ ವೂಯಿಯ ಬಂಡೆ ಚಹದ ನಾಲ್ಕನೆಯ ಬಟ್ಟಲಿನಲ್ಲಿ ಮಗಳು ನಿಂತುಬಿಟ್ಟಳು. ಪುಸ್ತಕದಲ್ಲಿ ಅದಕ್ಕೆ ಮಾತಿರಲಿಲ್ಲ, ನಮ್ಮಿಬ್ಬರಿಗೂ ತೋಚಲಿಲ್ಲ. ಅಜ್ಜಿಗೆ ಫೋನು ಮಾಡಿದಳು. “ಹೆಂಗ ಐತಿ ಹೇಳು” ಎಂದಳು ಅಜ್ಜಿ. ಬಾ, ಹೋಗು, ಊಟವಾಯಿತು ಎಂಬುದರಾಚೆಗೆ ಕನ್ನಡ ಮಾತನಾಡಲು ತೊದಲುತ್ತಿದ್ದ ಹುಡುಗಿ ಹತ್ತು ನಿಮಿಷ ಕನ್ನಡದಲ್ಲಿ ವರ್ಣಿಸಿದಳು: ಕಲ್ಲಿನ ಹಾಗೆ, ಆದರೆ ಗಟ್ಟಿಯಲ್ಲ, ಮಳೆಯ ಹಾಗೆ, ಆದರೆ ಮಳೆಯಲ್ಲ, ತಣ್ಣಗಿಲ್ಲ, ಆದರೂ ತಂಪು. ಅವ್ವ ಎಲ್ಲವನ್ನೂ ಕೇಳಿ, “ಹೊಸ ಗಡಿಗ್ಯಾಗಿನ ನೀರು” ಎಂದಳು.

ಮಾತೇನೋ ಸಿಕ್ಕಿತು; ಆದರೆ ನಮ್ಮ ಮಗಳು ಹೊಸ ಗಡಿಗೆಯ ನೀರನ್ನು ಎಂದೂ ಕುಡಿದಿರಲಿಲ್ಲ. ಮರುದಿನ ಕಚೇರಿಯಿಂದ ಬರುವಾಗ ಒಂದು ಗಡಿಗೆ ಕೊಂಡು ತಂದೆವು.

ಮಹನೀಯರೆ, ಹಿಂಬದಿಯ ಮೇಜಿನ ಮೇಲೆ ನೀರು ಕುದಿಯುತ್ತಿದೆ. ಪಕ್ಕದಲ್ಲಿ ಆ ಪುಸ್ತಕವೂ ಇದೆ. ಎಲ್ಲರೂ ಒಂದೊಂದು ಗುಟುಕು ಕುಡಿದು, ತಮ್ಮ ತಮ್ಮ ಊರಿನ ಮಾತಿನಲ್ಲಿ ರುಚಿಯನ್ನು ಬರೆಯಬೇಕೆಂದು ವಿನಂತಿ. ‘ಚೆನ್ನಾಗಿದೆ’ ಎಂದಷ್ಟೇ ಬರೆದವರಿಗೆ ಎರಡನೆಯ ಬಟ್ಟಲು ಸಿಗಲಾರದು.