ದಾದಿಯ ಪೆಟ್ಟಿಗೆಯ ಹಳೆಯ ರೂಪಾಯಿ



ಒಂದು ದಿನ ವಿದ್ಯಾರ್ಥಿಯೊಬ್ಬ ತನ್ನ ದಾದಿಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಫಳಫಳ ಹೊಳೆಯಿಸಿ ತಂದ. "ಸರ್, ಇದರ ಮೇಲೆ ಉರ್ದು ಐತಿ, ಓದ್ರಿ" ಎಂದ. "ನೀನೇ ಓದಪಾ" ಎಂದೆ. ಅಕ್ಷರ ಕೂಡಿಸಿ "ಯಕ್ ರೂಪಿಯಾ" ಎಂದು ಓದಿದ. ಅದು 1835ರ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ. ಭಾಷೆ ಫಾರಸಿಯಾದರೂ ಅಕ್ಷರ ನಮ್ಮ ಉರ್ದು ಪಾಠದವೇ.

ನಾಣ್ಯ ಸಂಗ್ರಹಿಸುವವರು ಬಳಸುವ ಪದಗಳು ಕಠಿಣವೆಂದು ನೀವು ಹೆದರಬೇಕಾಗಿಲ್ಲ. ಬಹಳಷ್ಟು ನಮ್ಮ ಮನೆಯಲ್ಲೇ ಇವೆ. ಕಚೇರಿಯಲ್ಲಿ ಕಾಗದಕ್ಕೆ 'ಸಿಕ್ಕಾ' ಹೊಡೆಯುತ್ತಾರಲ್ಲ, ಅರಬ್ಬಿಯಲ್ಲಿ ಆ ಪದಕ್ಕೆ ನಾಣ್ಯದ ಅಚ್ಚು ಎಂದೇ ಅರ್ಥ. ಉರ್ದು ಗಣಿತದಲ್ಲಿ 'ಜರ್ಬ್' ಎಂದರೆ ಗುಣಾಕಾರ. ನಾಣ್ಯದ ಮೇಲೆ ಅದಕ್ಕೆ 'ಹೊಡೆದದ್ದು' ಎಂದರ್ಥ, ಜೊತೆಗೆ ಊರಿನ ಹೆಸರಿರುತ್ತದೆ. ಉರ್ದುವಿನ 'ಟಕ್ಸಾಲ್', ಕನ್ನಡದ 'ಟಂಕಸಾಲೆ' ಒಂದೇ ಬೇರಿನವು. ನಮ್ಮ ಹತ್ತಿರದ ಲಕ್ಕುಂಡಿಯಲ್ಲಿಯೂ ಹಿಂದೆ ಟಂಕಸಾಲೆ ಇತ್ತು. ಅಲ್ಲಿಯ ಚಿನ್ನದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದು ಹೆಸರು.

1835ಕ್ಕಿಂತ ಮುಂಚೆ ಕಂಪನಿಯು ಬಂಗಾಳದಲ್ಲಿ ಬಾದಶಹ ಷಾ ಆಲಂ ಹೆಸರಿನಲ್ಲಿಯೇ ನಾಣ್ಯ ಹೊಡೆಯುತ್ತಿತ್ತು. ಅದರ ಮೇಲೆ 'ಜುಲೂಸ್' ವರ್ಷ, ಅಂದರೆ ಪಟ್ಟಕ್ಕೇರಿದ ಲೆಕ್ಕದ ವರ್ಷ, 19 ಎಂದಿರುತ್ತದೆ. ಹಳೆಯ ವರ್ಷದ ನಾಣ್ಯಕ್ಕೆ ಸರಾಫರು ವಟ್ಟ ಮುರಿಯುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿಯು ಎಷ್ಟೋ ವರ್ಷ 19ನ್ನು ಬದಲಿಸಲೇ ಇಲ್ಲ. ಆದ್ದರಿಂದ ನಾಣ್ಯದ ಮೇಲಿನ ವರ್ಷವೇ ಅದನ್ನು ಹೊಡೆದ ವರ್ಷವೆಂದು ಅವಸರದಿಂದ ನಂಬಬಾರದು.

ಇನ್ನೊಂದು ಮಾತು. ಜಕಾತಿಗೆ ಬೆಳ್ಳಿಯ ನಿಸಾಬು ಸಾಢೇ ಬಾವನ್ ತೊಲ, ಅಂದರೆ ಐವತ್ತೆರಡೂವರೆ ತೊಲ, ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆ ಒಂದು ತೊಲ ಎಷ್ಟು? ಈ ರೂಪಾಯಿಯ ತೂಕವೇ! 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಲೆಕ್ಕ ಹಾಕಿದರೆ ನಿಸಾಬು ಸುಮಾರು 612 ಗ್ರಾಂ ಆಗುತ್ತದೆ. ಆದರೆ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಮಾತ್ರ ಬೆಳ್ಳಿ, ಉಳಿದದ್ದು ಬೆರಕೆ.

ಆ ಹುಡುಗನಿಗೆ ನಾನು ಕಡೆಗೆ ಹೇಳಬೇಕಾದದ್ದು ಬೇಸರದ ಸಂಗತಿಯಾಗಿತ್ತು. ತಿಕ್ಕಿದ ನಾಣ್ಯಕ್ಕೆ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಕಾಲದಿಂದ ಬಂದ ಕಪ್ಪು ಬಣ್ಣ ಕೊಳೆಯಲ್ಲ, ಅದು ನಾಣ್ಯದ ವಯಸ್ಸು. ಅವನ ಮುಖ ಬಾಡಿತು. "ಮಾರೋದಿಲ್ರೀ ಸರ್, ಓದಾಕ ಬಂತಲ್ಲ, ದಾದಿಗೆ ಓದಿ ಹೇಳ್ತೀನಿ" ಎಂದ.

ವಿದ್ಯಾರ್ಥಿಗಳೇ, ಉರ್ದು ಕಲಿತರೆ ಏನು ಬಂತು ಎಂದು ಕೇಳುವವರಿಗೆ ಆ ಹುಡುಗನೇ ಉತ್ತರ. ನಿಮ್ಮ ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ತಿಕ್ಕಬೇಡಿರಿ, ಕರಗಿಸಲು ಕೊಡಬೇಡಿರಿ. ಮೊದಲು ಓದಿರಿ.